ಯಾವೊ ಮಿಂಗ್ 486 ಪಂದ್ಯಕ್ಕೇ ನಿಂತಿದ್ದು ಯಾಕೆ? ಬೇಸಿಗೆ ಆಟವೋ, ಪಾದವೋ, ಹ್ಯೂಸ್ಟನ್ನೋ?

ಡಬಲ್_ಡ್ರಿಬಲ್

ಯಾವೊ ಹೆಸರು ಬಂದ ಕಡೆಯೆಲ್ಲ ಅದೇ ಎರಡು ಮಾತು. ಒಂದು, "ಚೀನಾದವರು ವರ್ಷಪೂರ್ತಿ ದುಡಿಸಿ ಕಾಲು ಮುರಿದ್ರು". ಇನ್ನೊಂದು, "ಏಳೂವರೆ ಅಡಿ ದೇಹ, ಬಾಳಿಕೆ ಅಷ್ಟೇ". ಎರಡನ್ನೂ ಹೇಳುವವರು ಇಸವಿ ಕೇಳಿದರೆ ತಡವರಿಸ್ತಾರೆ. ಗೊತ್ತಿರೋದು ಇಷ್ಟು: 1980ರ ಸೆಪ್ಟೆಂಬರ್ 12ರಂದು ಶಾಂಘೈನಲ್ಲಿ ಹುಟ್ಟಿದ್ದು, ಅಪ್ಪ ಅಮ್ಮ ಇಬ್ಬರೂ ಬ್ಯಾಸ್ಕೆಟ್‌ಬಾಲ್ ಆಟಗಾರರು, ಅಮ್ಮ ಫಾಂಗ್ ಫೆಂಗ್ಡಿ ಚೀನಾ ಮಹಿಳಾ ತಂಡದ ನಾಯಕಿ. 2002ರಲ್ಲಿ ಅಮೆರಿಕದ ಎನ್‌ಬಿಎ ಲೀಗಿನ ಹ್ಯೂಸ್ಟನ್ ರಾಕೆಟ್ಸ್ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸೋದು) ಮೊದಲ ಆಯ್ಕೆಯಾಗಿ ಎತ್ತಿಕೊಂಡಿತು, 2011ರ ಜುಲೈ 20ಕ್ಕೆ ಶಾಂಘೈನಲ್ಲೇ ನಿವೃತ್ತಿ. ಆಗ ವಯಸ್ಸು 30. ನಡುವಿನದನ್ನು ಬಲ್ಲವರು ಬಿಡಿಸಿ ಬರೀರಿ. ಅಭಿಮಾನದ ಜಗಳ ಬೇಡ. ಯಾವ ಮೂಳೆ, ಯಾವ ತಿಂಗಳು, ಎಷ್ಟು ನಿಮಿಷ, ಅದು ಬೇಕು.

ಸ್ಕೋರ್‌ಶೀಟ್

ಲೆಕ್ಕ ಮೊದಲು ಹಾಕಿಬಿಡ್ತೀನಿ, ಆಮೇಲೆ ವಾದ.

ಸೀಸನ್‌ವಾರು ಪಂದ್ಯಗಳು: 82, 82, 80, 57, 48, 55, 77, 0, 5. ಕೂಡಿದರೆ 486. ಒಂಬತ್ತು ಸೀಸನ್‌ಗೆ ಆಡಬಹುದಾಗಿದ್ದುದು 738. ತಪ್ಪಿದ್ದು 252. ಇದರಲ್ಲಿ ಮೊದಲ ಮೂರು ವರ್ಷದಲ್ಲಿ ತಪ್ಪಿದ್ದು ಎಷ್ಟು ಗೊತ್ತಾ? ಎರಡೇ ಎರಡು. ಉಳಿದ 250 ಕೊನೆಯ ಆರು ಸೀಸನ್‌ನಲ್ಲಿ.

"ಆ ಎತ್ತರಕ್ಕೆ ಅಷ್ಟೇ ಬಾಳಿಕೆ" ಅನ್ನೋ ವಾದ ಇಲ್ಲೇ ಅರ್ಧ ಬಿದ್ದುಹೋಗುತ್ತೆ. 2.29 ಮೀಟರ್, 140 ಕಿಲೋ ಮನುಷ್ಯ 246ರಲ್ಲಿ 244 ಪಂದ್ಯ ಆಡಿದ್ದಾನೆ. ಅದೇ ಎತ್ತರ, ಅದೇ ಪಾದ.

ಈಗ ಬೇಸಿಗೆಗಳು. 2002: ಇಂಡಿಯಾನಾಪೊಲಿಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್, ಅದರ ಬೆನ್ನಿಗೇ ಬುಸಾನ್ ಏಷ್ಯನ್ ಗೇಮ್ಸ್. 2003: ಹಾರ್ಬಿನ್‌ನಲ್ಲಿ ಏಷ್ಯಾ ಚಾಂಪಿಯನ್‌ಷಿಪ್. 2004: ಅಥೆನ್ಸ್ ಒಲಿಂಪಿಕ್ಸ್. 2005: ದೋಹಾದಲ್ಲಿ ಮತ್ತೆ ಏಷ್ಯಾ. 2006: ಜಪಾನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. 2007ರಲ್ಲಿ ಏಷ್ಯಾ ಟೂರ್ನಿ ಬಿಟ್ಟ. ಚೀನಾ ಆತಿಥೇಯ ದೇಶವಾದ್ದರಿಂದ ಒಲಿಂಪಿಕ್ಸ್ ಅರ್ಹತೆಯ ಚಿಂತೆ ಇರಲಿಲ್ಲ. 2008: ಬೀಜಿಂಗ್. ಏಳು ಬೇಸಿಗೆಯಲ್ಲಿ ಆರು ಹೋಯ್ತು. ಮೊದಲ ಸೀಸನ್‌ಗೆ ಹ್ಯೂಸ್ಟನ್ ಸೇರಿದ್ದೇ ಬುಸಾನ್ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ. ತಂಡದ ತಾಲೀಮಿನ ಬಹುಭಾಗ ಅಷ್ಟರಲ್ಲಿ ಮುಗಿದಿತ್ತು. ಅಕ್ಟೋಬರ್ 30ರಂದು ಇಂಡಿಯಾನಾ ವಿರುದ್ಧದ ಮೊದಲ ಪಂದ್ಯದಲ್ಲಿ ಸೊನ್ನೆ ಪಾಯಿಂಟ್, 2 ರಿಬೌಂಡ್. ಎಲ್ಲರೂ ನಕ್ಕರು. ಮೂರು ವಾರ ತುಂಬುವ ಮೊದಲೇ, ನವೆಂಬರ್ 17ಕ್ಕೆ, ಲೇಕರ್ಸ್ ಮೇಲೆ 9ಕ್ಕೆ 9 ಶಾಟ್ ಹಾಕಿ 20 ಪಾಯಿಂಟ್.

ಕಾಂಟ್ರ್ಯಾಕ್ಟ್_ಕಿಟ್ಟಿ

ಬೇಸಿಗೆ ಆಟ ಅವನು ಇಷ್ಟಪಟ್ಟು ಆಡಿದ್ದೋ ಕಟ್ಟಿಹಾಕಿ ಆಡಿಸಿದ್ದೋ ಅನ್ನೋದಕ್ಕೆ ಹಿನ್ನೆಲೆ ಬೇಕು. ಅದಿಲ್ಲದೆ ಈ ಚರ್ಚೆ ತಲೆಬುಡ ಇಲ್ಲದ್ದಾಗುತ್ತೆ.

ಯಾವೊಗಿಂತ ಮೊದಲು ಎನ್‌ಬಿಎಗೆ ಹೋದವನು ವಾಂಗ್ ಝಿಝಿ, ಚೀನಾ ಸೈನ್ಯದ 'ಬಾಯಿ' (Bayi) ಅನ್ನೋ ತಂಡದ ಆಟಗಾರ. ಡಲ್ಲಾಸ್ 1999ರಲ್ಲೇ 36ನೇ ಆಯ್ಕೆಯಾಗಿ ತೆಗೆದುಕೊಂಡಿತ್ತು. ಬಿಡುಗಡೆ ಸಿಕ್ಕಿ ಅಂಗಳಕ್ಕೆ ಇಳಿದದ್ದು 2001ರ ಏಪ್ರಿಲ್‌ನಲ್ಲಿ. 2002ರ ಬೇಸಿಗೆಯಲ್ಲಿ ರಾಷ್ಟ್ರೀಯ ತಂಡದ ತಾಲೀಮಿಗೆ ವಾಪಸ್ ಬರಲ್ಲ ಅಂದ. ತಂಡದಿಂದ ಹೊರಗೆ ಹಾಕಿದರು. ಕ್ಷಮೆ ಕೇಳಿ ಮರಳೋ ಹೊತ್ತಿಗೆ 2006.

ಯಾವೊ ಡ್ರಾಫ್ಟ್ ಇದ್ದದ್ದು ಅದೇ 2002ರ ಜೂನ್ 26ಕ್ಕೆ. ಚೀನಾ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಷರತ್ತು ಹಾಕಿತು: ರಾಷ್ಟ್ರೀಯ ತಂಡ ಕರೆದಾಗ ಬರಲೇಬೇಕು, ಮತ್ತು ಹ್ಯೂಸ್ಟನ್ ಮೊದಲ ಆಯ್ಕೆಯಾಗಿಯೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಕಳಿಸಲ್ಲ. ಒಪ್ಪಿಗೆ ಬಂದಿದ್ದು ಡ್ರಾಫ್ಟ್ ದಿನ ಬೆಳಿಗ್ಗೆ. ಅಮೆರಿಕದ ಕಾಲೇಜಲ್ಲಿ ಒಂದು ದಿನವೂ ಆಡದೆ ಮೊದಲ ಆಯ್ಕೆಯಾದ ವಿದೇಶಿ ಆಟಗಾರರು ಅವನಿಗಿಂತ ಮುಂಚೆ ಯಾರೂ ಇಲ್ಲ ಅಂತ ಎಲ್ಲರೂ ಬರೀತಾರೆ. ಬೆಳಗಿನ ಆ ಕಾಗದ ಬರದೇ ಇದ್ದಿದ್ದರೆ ಏನಾಗ್ತಿತ್ತು ಅಂತ ಬರೆಯೋರು ಕಡಿಮೆ.

ಚೀನಾದಲ್ಲಿ ಅವನ ಕ್ಲಬ್ ಶಾಂಘೈ ಶಾರ್ಕ್ಸ್ ಕೂಡ ಆ ವರ್ಷ ಬಿಡೋಕೆ ತಯಾರಿತ್ತು, ಯಾಕಂದ್ರೆ ಕೆಲಸ ಆಗಿಹೋಗಿತ್ತು. 1997ರಲ್ಲಿ, 17ನೇ ವಯಸ್ಸಿಗೆ, ಹಿರಿಯರ ತಂಡಕ್ಕೆ ಬಂದ ಹುಡುಗ 2002ರಲ್ಲಿ ಬಾಯಿ ತಂಡವನ್ನು ಸೋಲಿಸಿ ಚೀನಾದ ಲೀಗ್ ಆದ ಸಿಬಿಎಯ ಕಪ್ ಗೆದ್ದುಕೊಟ್ಟ. ಅದಕ್ಕೆ ಮುಂಚೆ ಸತತ ಆರು ವರ್ಷ ಕಪ್ ಸೈನ್ಯದವರ ಹತ್ರಾನೇ ಇತ್ತು. ಆ ಪ್ಲೇಆಫ್‌ನಲ್ಲಿ (ಸೀಸನ್ ಕೊನೆಗೆ ಕಪ್‌ಗಾಗಿ ನಡೆಯೋ ಸುತ್ತುಗಳು) ಯಾವೊ ಸರಾಸರಿ 38.9 ಪಾಯಿಂಟ್, 20.2 ರಿಬೌಂಡ್, ಫೈನಲ್‌ನ ಒಂದು ಪಂದ್ಯದಲ್ಲಿ 21ಕ್ಕೆ 21 ಶಾಟ್. ಇನ್ನೊಂದು ವರ್ಷ ಅಲ್ಲೇ ಇದ್ದಿದ್ದರೆ ಕಲಿಯೋಕೆ ಏನೂ ಇರಲಿಲ್ಲ.

ಅವನ ಮುಖ ಯಾರ ಸ್ವತ್ತು ಅನ್ನೋ ಪ್ರಶ್ನೆನೂ ಬಂತು. 2003ರಲ್ಲಿ ಕೋಕಾ ಕೋಲಾ ಚೀನಾ ಶಾಖೆ ರಾಷ್ಟ್ರೀಯ ತಂಡದ ಚಿತ್ರ ಅಂತ ಹೇಳಿ ಅವನ ಫೋಟೋ ಬಾಟಲಿ ಮೇಲೆ ಹಾಕಿತು. ಇವನ ಒಪ್ಪಂದ ಇದ್ದದ್ದು ಪೆಪ್ಸಿ ಜೊತೆ. ಕೋರ್ಟಿಗೆ ಹೋದ, ಕೇಳಿದ ಪರಿಹಾರ 1 ಯುವಾನ್. ಕಂಪನಿ ಕ್ಷಮೆ ಕೇಳಿ ರಾಜಿಯಾಯ್ತು.

ಟಿಪ್‌ಆಫ್_ಟೀ

ಕಿಟ್ಟಿ ಸಾರ್, ವಕೀಲಿ ಮಾತು ಚೆನ್ನಾಗಿದೆ. ಮೂಳೆ ಎಲ್ಲಿ?

ಮೂಳೆಮಾತು

ಬಂದೆ.

ಗಾಯಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಬೇಡಿ. ನಾಲ್ಕು ಬೇರೆ ಬೇರೆ ಥರದವು ಇವೆ.

2005ರ ಡಿಸೆಂಬರ್: ಎಡಗಾಲಿನ ಹೆಬ್ಬೆರಳಿನ ಮೂಳೆಗೆ ಸೋಂಕು, ಆಸ್ಟಿಯೋಮೈಲೈಟಿಸ್. ಶಸ್ತ್ರಚಿಕಿತ್ಸೆ ಆಯ್ತು, 21 ಪಂದ್ಯ ಹೋಯ್ತು. ಇದು ಸೋಂಕು, ಪಾದದ ರಚನೆಯ ಖಾತೆಗೆ ಬರೆಯೋ ಹಾಗಿಲ್ಲ.

2006ರ ಏಪ್ರಿಲ್: ಯೂಟಾ ವಿರುದ್ಧ ಎಡಪಾದದ ಮೂಳೆ ಮುರಿತ. ಆಗಸ್ಟಿಗೆ ಜಪಾನ್‌ನಲ್ಲಿ ಆಡಿದ, ನಾಲ್ಕೇ ತಿಂಗಳಲ್ಲಿ.

2006ರ ಡಿಸೆಂಬರ್ 23: ಕ್ಲಿಪ್ಪರ್ಸ್ ಪಂದ್ಯದಲ್ಲಿ ಶಾಟ್ ತಡೆಯಲು ಹೋಗಿ ಬಲ ಮೊಣಕಾಲಿನ ಮುರಿತ. ಇದು ಒಂದೇ ಕ್ಷಣದ ಅಪಘಾತ. ಬೇಸಿಗೆ ಆಟಕ್ಕೂ ಇದಕ್ಕೂ ಗಂಟು ಹಾಕುವವರು ಸುಮ್ಮನೆ ಕತೆ ಕಟ್ಟುತ್ತಿದ್ದಾರೆ.

2008ರ ಫೆಬ್ರವರಿ: ಎಡಪಾದದಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದ್ರೆ ಒತ್ತಡ ಮತ್ತೆ ಮತ್ತೆ ಬಿದ್ದು ಆಗೋ ಬಿರುಕು. ವೃತ್ತಿಜೀವನ ಮುಗಿಸಿದ ಸರಣಿ ಶುರುವಾದದ್ದು ಇಲ್ಲಿಂದ. ಮಾರ್ಚ್ ಆರಂಭದಲ್ಲಿ ಸ್ಕ್ರೂ ಹಾಕಿದರು. 2009ರ ಮೇನಲ್ಲಿ ಮತ್ತೆ ಎಡಪಾದದಲ್ಲಿ ಕೂದಲೆಳೆ ಬಿರುಕು. 2010ರ ಡಿಸೆಂಬರ್‌ನಲ್ಲಿ ಎಡ ಹಿಮ್ಮಡಿಗಂಟಿನಲ್ಲಿ ಇನ್ನೊಂದು ಸ್ಟ್ರೆಸ್ ಫ್ರ್ಯಾಕ್ಚರ್.

ಈಗ ಎಡಪಾದಕ್ಕೇ ಯಾಕೆ. ಪಾದದ ಮಧ್ಯದಲ್ಲಿ, ಒಳಪಾರ್ಶ್ವದ ಕಮಾನಿನ ಮೇಲ್ತುದಿಯಲ್ಲಿ ನ್ಯಾವಿಕ್ಯುಲರ್ ಅಂತ ಒಂದು ಮೂಳೆ, ದೋಣಿಯಾಕಾರದ್ದು. ಓಡುವಾಗ, ಜಿಗಿದು ಇಳಿಯುವಾಗ ಹಿಂದಿನ ಮೂಳೆ ಮತ್ತು ಮುಂದಿನ ಮೂಳೆಗಳು ಇದನ್ನು ಎರಡು ಕಡೆಯಿಂದ ಅಡಕತ್ತರಿಯ ಹಾಗೆ ಒತ್ತುತ್ತವೆ. ಇದರ ನಡುಭಾಗಕ್ಕೆ ರಕ್ತದ ಹರಿವು ಕಡಿಮೆ. ಮೂಳೆ ಅಂದ್ರೆ ಸತ್ತ ವಸ್ತು ಅಲ್ಲ: ಒತ್ತಡ ಬಿದ್ದಾಗ ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟುತ್ತಾ ಇರುತ್ತೆ. ಕರಗಿಸುವ ಕೆಲಸ ಬೇಗ, ಕಟ್ಟುವ ಕೆಲಸ ನಿಧಾನ. ನಡುವೆ ಬಿಡುವು ಸಿಗದಿದ್ದರೆ ಬಿರುಕು.

ಯಾವೊ ಪಾದದ ಕಮಾನು ಎತ್ತರದ್ದು. ಚಪ್ಪಟೆ ಪಾದಕ್ಕೆ ಅದರದೇ ತೊಂದರೆ ಇದೆ. ಕಮಾನು ಎತ್ತರ ಇದ್ದರೆ ಪಾದ ಬಿಗಿಯಾಗಿರುತ್ತೆ, ಇಳಿದಾಗ ಹರಡಿಕೊಂಡು ಹೊಡೆತ ಹೀರಲ್ಲ. 140 ಕಿಲೋ ಮನುಷ್ಯ ರಿಬೌಂಡಿಗೆ ಹಾರಿ ಇಳಿದರೆ ದೇಹತೂಕದ ಹಲವು ಪಟ್ಟು ಹೊಡೆತ, ಅಷ್ಟೂ ಚಿಕ್ಕ ಜಾಗಕ್ಕೆ. ಹಾಗಾಗಿಯೇ 2009ರ ಜುಲೈನಲ್ಲಿ ಬರೀ ಸ್ಕ್ರೂ ಬಿಗಿಯಲಿಲ್ಲ. ಬೇರೆ ಮೂಳೆ ಕಸಿ ಮಾಡಿ, ಪಾದದ ಮೂಳೆಗಳನ್ನು ಕತ್ತರಿಸಿ ಮರುಜೋಡಿಸಿ ಕಮಾನನ್ನೇ ತಗ್ಗಿಸಿದರು. ಆಟಗಾರನೊಬ್ಬನ ಪಾದದ ಆಕಾರವನ್ನೇ ಬದಲಾಯಿಸೋ ನಿರ್ಧಾರ ಅದು. 2009-10 ಪೂರ್ತಿ ಹೋಯ್ತು.

ಬಿರುಕು ಮೊದಲಿಗೇ ಯಾಕೆ ಸಿಕ್ಕಲ್ಲ ಅಂದ್ರೆ, ನೋವು ಒಂದೇ ಜಾಗದಲ್ಲಿ ಇರಲ್ಲ. ಪಾದದ ಮೇಲ್ಭಾಗದಲ್ಲಿ ಏನೋ ಮಂದ ನೋವು ಅನಿಸುತ್ತೆ, ವಿಶ್ರಾಂತಿ ಕೊಟ್ಟರೆ ಇಳಿಯುತ್ತೆ. ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣಲ್ಲ, ಎಂಆರ್‌ಐ ಅಥವಾ ಸಿಟಿ ಬೇಕು. 2009ರಲ್ಲೂ ಮೊದಲು ಉಳುಕು ಅಂತಲೇ ಅಂದುಕೊಂಡಿದ್ದರು.

ಮಂಡ್ಯ_ಪೋಸ್ಟ್

ಮೂಳೆಮಾತು ಅವರು ಹೇಳಿದ ಹೊಡೆತ ಆಟದಲ್ಲಿ ಎಲ್ಲಿಂದ ಬರುತ್ತೆ ಅಂತ ನಾನು ಸೇರಿಸ್ತೀನಿ. ಜಿಗಿತ ಒಂದೇ ಅಲ್ಲ.

ಯಾವೊ ಚೆಂಡು ಹಿಡಿದರೆ ಕೆಳಗೆ ಇಳಿಸ್ತಿರಲಿಲ್ಲ. ಗದ್ದದ ಮೇಲೇ ಇಟ್ಟು ತಿರುಗಿ ಶಾಟ್. ಅಲ್ಲಿಗೆ ಯಾರ ಕೈಯೂ ಎಟುಕಲ್ಲ. ಹಾಗಾಗಿ ಎದುರಾಳಿಗಳು ಚೆಂಡು ಬಂದ ಮೇಲೆ ತಡೆಯೋದು ಬಿಟ್ಟು ಬರದ ಹಾಗೆ ತಡೆಯೋಕೆ ಶುರು ಮಾಡಿದರು. ಅಂದ್ರೆ ಹಿಂದೆ ನಿಲ್ಲದೆ, ಪಾಸ್ ಕೊಡುವವನಿಗೂ ಯಾವೊಗೂ ನಡುವೆ ಬಂದು ಮುಂದೆ ನಿಲ್ಲೋದು. ತಲೆ ಮೇಲಿಂದ ಲಾಬ್ ಹಾಕಿದರೆ ಆ ಕಡೆಯಿಂದ ಇನ್ನೊಬ್ಬ ಓಡಿಬಂದು ಕದೀತಾನೆ. 2009ರ ಪ್ಲೇಆಫ್ ನೋಡಿ: ಪೋರ್ಟ್‌ಲೆಂಡ್ ಮೊದಲ ಪಂದ್ಯದಲ್ಲಿ ಹಿಂದೆ ನಿಂತಿತು, ಯಾವೊ 9ಕ್ಕೆ 9, 24 ಪಾಯಿಂಟ್. ಎರಡನೇ ಪಂದ್ಯದಿಂದ ಮುಂದೆ ನಿಂತರು.

ಇದಕ್ಕೆ ಮದ್ದು ಎರಡು. ಒಂದು, ಫ್ರೀ ಥ್ರೋ ಗೆರೆ ಹತ್ರ ಇನ್ನೊಬ್ಬ ದೊಡ್ಡ ಆಟಗಾರನಿಗೆ ಚೆಂಡು ಕೊಟ್ಟು ಅಲ್ಲಿಂದ ನೇರ ಕೆಳಗೆ. ಹ್ಯೂಸ್ಟನ್‌ನ ಲೂಯಿಸ್ ಸ್ಕೋಲಾ ಮಾಡ್ತಿದ್ದದ್ದು ಇದೇ. ಇನ್ನೊಂದು, ಚೆಂಡನ್ನು ಬೇಗ ಆ ಬದಿಗೆ ಸಾಗಿಸೋದು. ಆಗ ಮುಂದೆ ನಿಂತವನು ತಾನಾಗೇ ಹಿಂದೆ ಬೀಳ್ತಾನೆ, ಆದರೆ ಯಾವೊ ಅವನನ್ನು ಬೆನ್ನಲ್ಲಿ ತಡೆದು ಜಾಗ ಹಿಡಿದುಕೊಂಡಿರಬೇಕು. ಆ ಹಿಡಿತ ಬರೋದು ಪಾದದಿಂದ. ಮಂಡಿ ಬಗ್ಗಿಸಿ, ಕಾಲು ಅಗಲಿಸಿ, ಅಂಗಾಲು ನೆಲಕ್ಕೆ ಕಚ್ಚಿ, 110-120 ಕಿಲೋದವನನ್ನು ಮೂರು ನಾಲ್ಕು ಸೆಕೆಂಡ್ ತಳ್ಳೋದು. ಒಂದು ರಾತ್ರಿಯಲ್ಲಿ ಎಷ್ಟೋ ಸಲ. ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಮ್ ಇಲ್ಲ.

ಎನ್‌ಬಿಎಯಲ್ಲಿ ವಲಯ ರಕ್ಷಣೆಗೆ (ಆಳನ್ನಲ್ಲ, ಜಾಗವನ್ನು ಕಾಯೋದು) ಅನುಮತಿ ಸಿಕ್ಕಿದ್ದು 2001-02ರಿಂದ, ಯಾವೊ ಬರೋ ಹಿಂದಿನ ವರ್ಷ. ಅದಕ್ಕೆ ಮುಂಚಿನ ನಿಯಮದಲ್ಲಿ ಆ ಸಹಾಯದ ಓಟಗಾರ ಅಷ್ಟು ಸಲೀಸಾಗಿ ಬರೋ ಹಾಗಿರಲಿಲ್ಲ. ಅವನ ನಸೀಬು.

ಚೀನಾ ಪರ ಆಡುವಾಗ ಇನ್ನೂ ಕಷ್ಟ. ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮದಲ್ಲಿ ರಕ್ಷಣೆಯವರಿಗೆ ಮೂರು ಸೆಕೆಂಡ್ ಮಿತಿ ಇಲ್ಲ, ಇಬ್ಬರು ಪೇಂಟ್‌ನಲ್ಲೇ (ಬುಟ್ಟಿ ಕೆಳಗಿನ ಬಣ್ಣದ ಜಾಗ) ಬಿಡಾರ ಹೂಡಬಹುದು. ಮೇಲಾಗಿ ಆಗ ಫಿಬಾ ಪೇಂಟ್ ಆಯತ ಅಲ್ಲ, ಬುಡದಲ್ಲಿ 6 ಮೀಟರ್ ಅಗಲದ ಗೂಟದಂಗಡಿ ಆಕಾರ, 2010ಕ್ಕೆ ಬದಲಾಯ್ತು. ಎನ್‌ಬಿಎಯಲ್ಲಿ 4.9 ಮೀಟರ್. ಅಂದ್ರೆ ಬಾಸ್ಕೆಟ್‌ನಿಂದ ಇನ್ನಷ್ಟು ದೂರದಲ್ಲಿ ಚೆಂಡು ಹಿಡಿಯಬೇಕು, ಅಲ್ಲಿಂದ ಮತ್ತೆ ತಳ್ಳಬೇಕು. ಹಾಗಿದ್ದೂ 2006ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸರಾಸರಿ 25.3 ಪಾಯಿಂಟ್, ಟೂರ್ನಿಯಲ್ಲೇ ಹೆಚ್ಚು.

ಡಬಲ್_ಡ್ರಿಬಲ್

ಗೂಟದಂಗಡಿ ಆಕಾರ ಅಂದ್ರೆ ಯಾವುದು ಮಾರಾಯ್ರೆ, ಟ್ರೆಪಿಜಿಯಂ ಅನ್ನಿ.

ಒಂದು ಕೇಳ್ತೀನಿ. ಮೊದಲ ಮೂರು ವರ್ಷ ಬೇಸಿಗೆಯಲ್ಲೂ ಆಡಿ, ಸೀಸನ್‌ನಲ್ಲೂ ಆಡಿ ಏನೂ ಆಗಲಿಲ್ಲ. ಹಾಗಾದರೆ ಬೇಸಿಗೆ ಕಾರಣ ಅನ್ನೋದು ಹೇಗೆ?

ಸ್ಕೋರ್‌ಶೀಟ್

ಕೇಳಬೇಕಾದ ಪ್ರಶ್ನೆ. ಉತ್ತರ ನಿಮಿಷದ ಲೆಕ್ಕದಲ್ಲಿದೆ.

ಸರಾಸರಿ ನಿಮಿಷ: 2002-03ರಲ್ಲಿ 29.0, ಮುಂದೆ 32.8, 30.6, 34.2, 33.8, ಮತ್ತು 2007-08ರಲ್ಲಿ 37.2. ಸ್ಟ್ರೆಸ್ ಫ್ರ್ಯಾಕ್ಚರ್ ಆದದ್ದು ಆ ಕೊನೆಯ ಸೀಸನ್‌ನಲ್ಲಿ. ಅದು ಬೇಸಿಗೆ ಬಿಡುವು ಸಿಕ್ಕ ಒಂದೇ ವರ್ಷದ ಮುಂದಿನ ಸೀಸನ್ ಕೂಡ ಹೌದು, ಅದನ್ನು ಮರೀಬೇಡಿ. ಅಂದ್ರೆ 2008ರ ಫೆಬ್ರವರಿಯನ್ನು ನೇರವಾಗಿ ಚೀನಾ ತಲೆಗೆ ಕಟ್ಟೋಕೆ ಆಗಲ್ಲ. ಹ್ಯೂಸ್ಟನ್ ಆಗ 22 ಪಂದ್ಯ ಸತತ ಗೆದ್ದ ಓಟದಲ್ಲಿತ್ತು. ಮೊದಲ 12ರಲ್ಲಿ ಯಾವೊ ಇದ್ದ, ಉಳಿದ 10ಕ್ಕೆ ಅವನ ಜಾಗದಲ್ಲಿ ಆಡಿದವನು ಮುಟೊಂಬೊ. ನಲವತ್ತು ದಾಟಿದ ಮುಟೊಂಬೊ ಅಂತಲೂ ಸೇರಿಸಿ.

ಚೀನಾ ತಲೆಗೆ ಬರೋದು ಅದರ ಮುಂದಿನ ಭಾಗ. ಮಾರ್ಚ್‌ನಲ್ಲಿ ಸ್ಕ್ರೂ, ಆಗಸ್ಟ್ 8ಕ್ಕೆ ಧ್ವಜ ಹಿಡಿದು ಕ್ರೀಡಾಂಗಣ ಪ್ರವೇಶ, ಪಕ್ಕದಲ್ಲಿ ಸಿಚುವಾನ್ ಭೂಕಂಪದಲ್ಲಿ ಬದುಕುಳಿದ ಒಂಬತ್ತು ವರ್ಷದ ಹುಡುಗ ಲಿನ್ ಹಾವೊ. ಅಮೆರಿಕದ ಮೇಲೆ ಮೊದಲ ಬುಟ್ಟಿಯೇ ಯಾವೊನ ಮೂರು ಪಾಯಿಂಟರ್. ಸೋತಿದ್ದು 101-70. ಜರ್ಮನಿಯನ್ನು 59-55ರಲ್ಲಿ ಸೋಲಿಸಿ ಕ್ವಾರ್ಟರ್ ಫೈನಲ್, ಅಲ್ಲಿ ಲಿಥುವೇನಿಯಾ ಎದುರು ಸೋಲು. ಆಮೇಲೆ ಎರಡು ತಿಂಗಳಲ್ಲಿ ಎನ್‌ಬಿಎ, 77 ಪಂದ್ಯ, 33.6 ನಿಮಿಷ, ಜೊತೆಗೆ ಪ್ಲೇಆಫ್. ಆ ಮೂಳೆ ಹೊಸದಾಗಿ ಕೂಡಿಕೊಂಡ ವರ್ಷ ಅದು.

ಕಾಂಟ್ರ್ಯಾಕ್ಟ್_ಕಿಟ್ಟಿ

ಹ್ಯೂಸ್ಟನ್‌ನವರನ್ನೂ ಪಾಪ ಅನ್ನಬೇಡಿ. 2005ರಲ್ಲಿ ಐದು ವರ್ಷಕ್ಕೆ ಸುಮಾರು 7.5 ಕೋಟಿ ಡಾಲರ್ ಒಪ್ಪಂದ ವಿಸ್ತರಿಸಿದ್ದರು. ಆದರೂ 2004ರಲ್ಲಿ ತಂಡಕ್ಕೆ ಬಂದ ಇನ್ನೊಬ್ಬ ತಾರೆ ಟ್ರೇಸಿ ಮೆಕ್‌ಗ್ರೇಡಿಯ ಬೆನ್ನು, ಮೊಣಕಾಲು ಸದಾ ಕೈಕೊಡ್ತಿದ್ದರಿಂದ, ಅವನಿಲ್ಲದ ರಾತ್ರಿಗಳಲ್ಲಿ ಎಲ್ಲ ಭಾರ ಯಾವೊ ಮೇಲೆ. 2009ರಲ್ಲಿ ಮೆಕ್‌ಗ್ರೇಡಿ ಇಲ್ಲದೆಯೇ ಪೋರ್ಟ್‌ಲೆಂಡ್ ಸರಣಿ ಗೆದ್ದರು. ಆ ತಂಡ ಒಂದು ಸುತ್ತು ದಾಟಿದ್ದು 1997ರ ನಂತರ ಅದೇ ಮೊದಲು.

ಯಾವೊ ಗಾಯದಿಂದ ಹ್ಯೂಸ್ಟನ್‌ಗೆ ಸಂಬಳದ ಮಿತಿ ಮೀರಲು ಒಂದು ವಿನಾಯಿತಿ ಸಿಕ್ಕಿತು. ಆಟಗಾರ ಸೀಸನ್ ಪೂರ್ತಿ ಆಡಲಾರ ಅಂತ ವೈದ್ಯರು ದೃಢಪಡಿಸಿದರೆ ಲೀಗ್ ಕೊಡೋ ಅವಕಾಶ ಅದು. ಅದರಲ್ಲಿ ಟ್ರೆವರ್ ಅರಿಜಾನನ್ನು ತಂದರು.

ಮಂಡ್ಯ_ಪೋಸ್ಟ್

2009ರ ಲೇಕರ್ಸ್ ಸರಣಿಯ ಮೊದಲ ಪಂದ್ಯ ಇನ್ನೊಮ್ಮೆ ಹಾಕಿ ನೋಡಿ. ಕೊನೆಯ ಕ್ವಾರ್ಟರ್‌ನಲ್ಲಿ ಲೇಕರ್ಸ್‌ನ ಕೋಬಿ ಬ್ರಯಂಟ್ ಮೊಣಕಾಲು ತಾಗಿ ಯಾವೊ ಬಿದ್ದ. ಒಳಗೆ ಕರೆದುಕೊಂಡು ಹೊರಟರು. ಸುರಂಗದ ಬಾಯಲ್ಲಿ ಗೋಡೆ ಹಿಡಿದು ನಿಂತು, ಕಾಲು ಒದರಿ, ವಾಪಸ್ ಬಂದ. 28 ಪಾಯಿಂಟ್, ಗೆಲುವು 100-92. ಎರಡು ಪಂದ್ಯ ಆದ ಮೇಲೆ ಪಾದ ಹೋಯ್ತು. ಅವನ ಜಾಗಕ್ಕೆ ಬಂದವನು ಆರೂವರೆ ಅಡಿಯ ಚಕ್ ಹೇಯ್ಸ್. ಸರಣಿ ಏಳನೇ ಪಂದ್ಯದವರೆಗೂ ಎಳೀತು ಅನ್ನೋದು ಬೇರೆ ಮಾತು.

ಆ ಮೂರನೇ ಪಂದ್ಯದ ಕೊನೆ ನಿಮಿಷಗಳಲ್ಲಿ ಕುಂಟುತ್ತಾ ಓಡೋದು ಬರಿಗಣ್ಣಿಗೆ ಕಾಣುತ್ತೆ. ಅವನೂ ಹೊರಗೆ ಕೂರಲಿಲ್ಲ, ಬೆಂಚಿನವರೂ ಕೂರಿಸಲಿಲ್ಲ. ಹಾಗಾಗಿ "ಚೀನಾ ದುಡಿಸಿತು" ಅನ್ನೋದಕ್ಕಿಂತ, ಮೂರೂ ಕಡೆಯವರು ಒಂದೇ ಪಾದದ ಮೇಲೆ ನಿಂತಿದ್ದರು ಅನ್ನೋದು ನನ್ನ ಲೆಕ್ಕ.

ಮೂಳೆಮಾತು

ಒಪ್ಪಿದೆ, ಒಂದು ತಿದ್ದುಪಡಿಯೊಂದಿಗೆ. ಬೇಸಿಗೆಯ ಬೆಲೆ ಪಂದ್ಯಗಳಲ್ಲಿ ಇಲ್ಲ. ಒಲಿಂಪಿಕ್ಸ್‌ನಲ್ಲಿ ಹೆಚ್ಚೆಂದರೆ ಎಂಟು ಪಂದ್ಯ, ಅದೂ 40 ನಿಮಿಷದ್ದು. ಬೆಲೆ ತೆತ್ತದ್ದು ಅದಕ್ಕೆ ಮುಂಚಿನ ದೀರ್ಘ ಶಿಬಿರದಲ್ಲಿ ಮತ್ತು ಸಿಗದೇ ಹೋದ ಬಿಡುವಿನಲ್ಲಿ. ನ್ಯಾವಿಕ್ಯುಲರ್ ಬಿರುಕಿಗೆ ಸಾಮಾನ್ಯ ಕ್ರಮ: ಆರು ವಾರ ಪಟ್ಟಿ ಹಾಕಿ ನೆಲಕ್ಕೆ ಕಾಲು ಊರದೇ ಇರೋದು, ಆಮೇಲೆ ನಡಿಗೆ, ಮೆಲ್ಲಗೆ ಓಟ, ಕೊನೆಗೆ ಜಿಗಿತ. ಯಾವ ಹಂತದಲ್ಲಿ ನೋವು ಬಂದರೂ ಒಂದು ಹಂತ ಹಿಂದಕ್ಕೆ. ಕ್ಯಾಲೆಂಡರ್ ನೋಡಿ ಮುಂದಕ್ಕೆ ಹೋದರೆ ಕೆಡುತ್ತೆ. 2008ರಲ್ಲಿ ಆಗಸ್ಟ್ 8 ಅನ್ನೋ ದಿನಾಂಕ ಗೋಡೆ ಮೇಲಿತ್ತು.

2010-11ರಲ್ಲಿ ಬುದ್ಧಿ ಬಂತು: ಒಂದು ಪಂದ್ಯಕ್ಕೆ 24 ನಿಮಿಷ, ಅಷ್ಟೇ. ಐದೇ ಪಂದ್ಯಕ್ಕೆ, ನವೆಂಬರ್ 10ರಂದು ವಾಷಿಂಗ್ಟನ್‌ನಲ್ಲಿ, ಹಿಮ್ಮಡಿಗಂಟು ಕೈಕೊಟ್ಟಿತು. ಕಮಾನು ತಗ್ಗಿಸಿದ ಪಾದದಲ್ಲಿ ಹೊಡೆತದ ದಾರಿ ಬದಲಾಗುತ್ತೆ, ಅದು ಬೇರೆ ಯಾವುದೋ ಮೂಳೆ ಮೇಲೆ ಹೋಗಿ ಕೂರುತ್ತೆ ಅನ್ನೋ ಅಪಾಯ ಇಂಥ ಶಸ್ತ್ರಚಿಕಿತ್ಸೆಯಲ್ಲಿ ಇದ್ದೇ ಇರುತ್ತೆ.

ಟಿಪ್‌ಆಫ್_ಟೀ

ಬರೀ ಮೂಳೆ ಮುರಿದದ್ದೇ ಆಯ್ತು. ಆಡಿದ್ದನ್ನೂ ಒಂದು ಸಾಲು ಬರೀರಪ್ಪ. 83.3 ಶೇಕಡಾ ಫ್ರೀ ಥ್ರೋ, ಏಳೂವರೆ ಅಡಿ ಮನುಷ್ಯ! ಫ್ರೀ ಥ್ರೋ ತಪ್ಪಿಸ್ತಾನೆ ಅಂತ ದೈತ್ಯ ಶಾಕ್‌ಗೆ (ಶಕೀಲ್ ಓ'ನೀಲ್) ಬೇಕಂತಲೇ ಫೌಲ್ ಮಾಡ್ತಿದ್ದರು, ಯಾವೊಗೆ ಆ ಧೈರ್ಯ ಯಾರಿಗೂ ಬರಲಿಲ್ಲ.

ಸ್ಕೋರ್‌ಶೀಟ್

ನ್ಯಾಯ. ಒಟ್ಟು ಸರಾಸರಿ 19.0 ಪಾಯಿಂಟ್, 9.2 ರಿಬೌಂಡ್, 1.9 ಬ್ಲಾಕ್, ಶಾಟ್ 52.4 ಶೇಕಡಾ. ಎಂಟು ಸಲ ಆಲ್ ಸ್ಟಾರ್. 2005ರಲ್ಲಿ ಆ ಆಲ್ ಸ್ಟಾರ್ ಪಂದ್ಯಕ್ಕೆ ಅಭಿಮಾನಿಗಳಿಂದ 25,58,278 ಮತ, ಜೋರ್ಡನ್ ದಾಖಲೆ ಮುರೀತು. ಅದರಲ್ಲಿ ಚೀನಾದ ಪಾಲು ದೊಡ್ಡದು, ಅದಕ್ಕೆ ಮತವನ್ನು ಅಳತೆಗೋಲು ಮಾಡಬೇಡಿ. ಅಳತೆ ಬೇಕಿದ್ದರೆ 2006-07 ತೆಗೀರಿ: 25.0 ಪಾಯಿಂಟ್, 9.4 ರಿಬೌಂಡ್, ಫ್ರೀ ಥ್ರೋ 86.2. ಡಿಸೆಂಬರ್‌ನಲ್ಲಿ ಮೊಣಕಾಲು ಮುರಿಯದಿದ್ದರೆ ಆ ವರ್ಷ ಲೀಗಿನ ಅತ್ಯುತ್ತಮ ಆಟಗಾರನ ಪ್ರಶಸ್ತಿಯ ಚರ್ಚೆಯಲ್ಲಿ ಇರುತ್ತಿದ್ದ ಅಂತ ನನ್ನ ಅನಿಸಿಕೆ. 2016ರಲ್ಲಿ ಶಾಕ್, ಐವರ್ಸನ್ ಜೊತೆಗೇ ಹಾಲ್ ಆಫ್ ಫೇಮ್. 2017ರ ಫೆಬ್ರವರಿ 3ಕ್ಕೆ ಹ್ಯೂಸ್ಟನ್ 11ನೇ ಅಂಗಿಯನ್ನು ಚಾವಣಿಗೆ ಏರಿಸಿತು.

ಚೀನಾ ಅಂಗಿಯಲ್ಲಿ ಒಂದೇ ಪಂದ್ಯ ನೋಡೋದಾದರೆ ಅಥೆನ್ಸ್ 2004, ಆಗಿನ ವಿಶ್ವ ಚಾಂಪಿಯನ್ ಸರ್ಬಿಯಾ ಮಾಂಟೆನೆಗ್ರೊ ವಿರುದ್ಧ 67-66. ಯಾವೊ 27 ಪಾಯಿಂಟ್, 13 ರಿಬೌಂಡ್.

ಡಬಲ್_ಡ್ರಿಬಲ್

ಕೊನೆ ಪ್ರಶ್ನೆ. 2017ರಿಂದ 2024ರವರೆಗೆ ಅವನೇ ಚೀನಾ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ ಅಧ್ಯಕ್ಷ. ತಾನು ಅನುಭವಿಸಿದ್ದನ್ನು ಬದಲಾಯಿಸಿದನಾ?

ಕಾಂಟ್ರ್ಯಾಕ್ಟ್_ಕಿಟ್ಟಿ

ಅರ್ಧ. 2017ರಲ್ಲಿ ರಾಷ್ಟ್ರೀಯ ತಂಡವನ್ನು ಕೆಂಪು, ನೀಲಿ ಅಂತ ಎರಡು ಮಾಡಿ ಹೆಚ್ಚು ಹುಡುಗರಿಗೆ ಅವಕಾಶ ಕೊಟ್ಟ. ಆದರೆ ಸಿಬಿಎ ಲೀಗ್ ಪಂದ್ಯಗಳು 38ರಿಂದ 46ಕ್ಕೆ ಏರಿದ್ದೂ ಅವನ ಕಾಲದಲ್ಲೇ. ಫಲಿತಾಂಶ ಕೆಟ್ಟದ್ದು: 2019ರ ವಿಶ್ವಕಪ್ ಸ್ವಂತ ನೆಲದಲ್ಲಿ, ಪೋಲೆಂಡ್ ಎದುರು ಹೆಚ್ಚುವರಿ ಸಮಯದಲ್ಲಿ ಸೋಲು, ಟೋಕಿಯೊ ಒಲಿಂಪಿಕ್ಸ್ ಕೈತಪ್ಪಿತು. 1984ರಿಂದ ತಪ್ಪದೇ ಹೋಗ್ತಿದ್ದ ಪುರುಷರ ತಂಡ ಅದು.

ಈಗ ಯಾಂಗ್ ಹಾನ್ಸೆನ್ ನೋಡಿ. 2025ರಲ್ಲಿ 16ನೇ ಆಯ್ಕೆ, ಪೋರ್ಟ್‌ಲೆಂಡ್ ಸೇರಿದ. ಆ ಆಗಸ್ಟ್‌ನಲ್ಲಿ ಜಿದ್ದಾದಲ್ಲಿ ಫಿಬಾ ಏಷ್ಯಾ ಕಪ್, ನಮ್ಮ ಭಾರತವೂ ಚೀನಾ ಗುಂಪಲ್ಲೇ ಇತ್ತು. ಯಾಂಗ್ ಆಡಲಿಲ್ಲ. ಚೀನಾ ಫೈನಲ್‌ನಲ್ಲಿ ಆಸ್ಟ್ರೇಲಿಯಾಗೆ ಒಂದೇ ಪಾಯಿಂಟ್‌ನಿಂದ ಸೋತಿತು. 2002ರಲ್ಲಾಗಿದ್ದರೆ ಬಿಡ್ತಿದ್ದರಾ?

ಮೂಳೆಮಾತು

ಯಾಂಗ್ 2.16 ಮೀಟರ್ ಆಸುಪಾಸು. ಅವನ ಬಗ್ಗೆ ಬೇರೆ ಎಳೆ ತೆಗೀರಿ. ಅದರಲ್ಲಿ ಮೊದಲು ಯಾರಾದರೂ ಅವನ ನಿಮಿಷಗಳನ್ನು ಹಾಕಿ, ಎತ್ತರವನ್ನಲ್ಲ.